ಪಾದವಿಲ್ಲದ ಅಕ್ಷರ, ದಪ್ಪ-ತೆಳು ಗೆರೆ

ರೋಮನ್ ಲಿಪಿಯ ಎಷ್ಟೋ ಮುದ್ರಣಾಕ್ಷರಗಳಲ್ಲಿ ಗೆರೆಯ ತುದಿಗೊಂದು ಪುಟ್ಟ ಪಾದವಿರುತ್ತದೆ. ಅದೇ ಸೆರಿಫ್. 1927ರಲ್ಲಿ ಜರ್ಮನಿಯ ಪಾಲ್ ರೆನ್ನರ್ ಅವರ ಫ್ಯೂಚುರಾ ಎಂಬ ಅಕ್ಷರ ಬಂದಾಗ ಪಾದದ ಜೊತೆಗೆ ಗೆರೆಯ ದಪ್ಪ-ತೆಳುವೂ ಹೋದಂತೆ ಕಂಡಿತು. ದಪ್ಪ-ತೆಳು ಅಗಲ ಮೊನೆಯ ಲೇಖನಿಯಿಂದ ಬಂದದ್ದು, ಲೇಖನಿಯೇ ಹೋದಮೇಲೆ ಅದರ ಗುರುತು ಏಕೆ ಎಂಬುದು ಹೊಸಬರ ತರ್ಕ. ಹತ್ತೇ ವರ್ಷಕ್ಕೆ, 1937ರಲ್ಲಿ, ಭಿತ್ತಿಪತ್ರಗಳ ಕಲಾವಿದ ಕಸಾಂಡ್ರ್ ಪ್ಯಾರಿಸ್ಸಿನಲ್ಲಿ 'ಪೇನ್ಯೊ' ಎಂಬ ಅಕ್ಷರ ತಂದರು. ಪಾದವಿಲ್ಲ, ಆದರೆ ಒಂದು ಗೆರೆ ದಪ್ಪ, ಪಕ್ಕದ್ದು ತೆಳು. ತರ್ಕವಾದಿಗೆ ಇದು ಅರ್ಧಕ್ಕೇ ನಿಂತ ಸನ್ಯಾಸ. ನನಗೆ ಹಾಗನ್ನಿಸುವುದಿಲ್ಲ.

ಒಂದೇ ದಪ್ಪದ ಅಡ್ಡಗೆರೆ, ಉದ್ದಗೆರೆ ಎಳೆದು ನೋಡಿ: ಅಡ್ಡಗೆರೆಯೇ ದಪ್ಪವೆನಿಸುತ್ತದೆ. ಆದ್ದರಿಂದ 'ಸಮ ದಪ್ಪ'ದ ಅಕ್ಷರ ಬರೆಯುವವರೂ ಅಡ್ಡಗೆರೆಯನ್ನು ಕೊಂಚ ಸವೆಸುತ್ತಾರೆ. ಗೆರೆಗಳು ಕೂಡುವಲ್ಲಿ ಕಪ್ಪು ಗಂಟುಕಟ್ಟದಂತೆ ತೆಳುವಾಗಿಸುತ್ತಾರೆ. ಫ್ಯೂಚುರಾ ಕೂಡ ಇದಕ್ಕೆ ಹೊರತಲ್ಲ. ಅಂದಮೇಲೆ ದಪ್ಪ-ತೆಳು ಸತ್ತ ಲೇಖನಿ ಬಿಟ್ಟುಹೋದ ಆಸ್ತಿಯಷ್ಟೇ ಅಲ್ಲ, ಬದುಕಿರುವ ಕಣ್ಣು ಕೇಳುವುದೂ ಹೌದು. ಫ್ಯೂಚುರಾ ಮರೆಯಲ್ಲಿ ಮಾಡಿದ್ದನ್ನು ಪೇನ್ಯೊ ಎದುರಿಗೇ ಮಾಡುತ್ತದೆ. (ಕಂಠವೆಂಬ ಲೋಹದ ಕಡ್ಡಿಯಿಂದ ತಾಳೆಗರಿಯ ಮೇಲೆ ಗೀರಿದ ಕನ್ನಡದ ಗೆರೆ ಬಹುಮಟ್ಟಿಗೆ ಒಂದೇ ದಪ್ಪ, ಅಚ್ಚುಮೊಳೆಯಲ್ಲಿ ಅದಕ್ಕೂ ದಪ್ಪ-ತೆಳು ಬಂತು. ಪಾದದ ಗೊಡವೆ ನಮಗೆ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ.)

ಚಿಟಿಕೆ ಉಪ್ಪು ಬೇಕೆಂದು ಬೊಗಸೆ ಸುರಿಯುವುದೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. ಕಣ್ಣಿನ ಬೇಡಿಕೆ ದಪ್ಪ-ತೆಳುವನ್ನು ಸಮರ್ಥಿಸೀತು, ಅದರ ಪ್ರಮಾಣವನ್ನಲ್ಲ. ಪ್ರಮಾಣ ಗೊತ್ತುಮಾಡುವುದು ಅಕ್ಷರ ನಿಲ್ಲುವ ಜಾಗ. ಅಕ್ಷರ ವಿನ್ಯಾಸಕ ಹೆರ್ಮನ್ ತ್ಸಾಫ್ 1950ರಲ್ಲಿ ಫ್ಲಾರೆನ್ಸಿನ ಸಾಂತಾ ಕ್ರೋಚೆ ಇಗರ್ಜಿಯ ಸಮಾಧಿಗಲ್ಲುಗಳ ಮೇಲೆ ಪಾದವಿಲ್ಲದ ಅಕ್ಷರ ಕಂಡು, ಕೈಯಲ್ಲಿ ಬೇರೆ ಕಾಗದವಿಲ್ಲದೆ, 1000 ಲಿರಾ ನೋಟಿನ ಮೇಲೇ ಗೀಚಿಕೊಂಡರು. ಅದರಿಂದ ಹುಟ್ಟಿದ್ದು 1958ರಲ್ಲಿ ಮಾರುಕಟ್ಟೆಗೆ ಬಂದ ಆಪ್ಟಿಮಾ. ಮೊದಲು ಮನಸ್ಸಿನಲ್ಲಿದ್ದದ್ದು ಶೀರ್ಷಿಕೆಯ ಅಕ್ಷರ. ಆಮೇಲೆ ಪುಸ್ತಕದ ಪುಟಕ್ಕೂ ಒಗ್ಗಬೇಕೆಂದಾಯಿತು. ಅದಕ್ಕೇ ಅದರ ದಪ್ಪ-ತೆಳು ಹದವಾಗಿ ಇದೆ. ಬಳಕೆಯಲ್ಲಿ ಪೇನ್ಯೊಗೆ ಆ ಹಂಗು ಉಳಿಯಲಿಲ್ಲ. ಅದು ಗೋಡೆಯ ಮೇಲೆ, ದೂರದಿಂದ ಓದಿಸಿಕೊಂಡರೆ ಸಾಕು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ತೆಳುಗೆರೆ ಉಳಿಯಬೇಕಾದರೆ ನುಣುಪು ಕಾಗದ ಬೇಕು, ಕೈಪಳಗಿದ ಮುದ್ರಕ ಬೇಕು. ಅತ್ತರಿನ ಡಬ್ಬಿಗಳ ಮೇಲೆ ಇಂಥ ಅಕ್ಷರ ಮೆರೆಯುವುದು ಅದಕ್ಕೇ. ಈ ಸೊಬಗಿಗೆ ದುಡ್ಡಿನ ವಾಸನೆಯಿದೆ ಎಂದರೆ ಅಲ್ಲವೆನ್ನಲಾರೆ. ಆದರೆ ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಎದ್ದ ವಿಯೆಟ್ನಾಂ ಯುದ್ಧ ಸ್ಮಾರಕದ ಕರಿಕಲ್ಲಿನ ಮೇಲೆ 58 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಹೊತ್ತಿರುವುದೂ ಆಪ್ಟಿಮಾವೇ. ಅಲ್ಲಿ ಶೋಕಿಯ ಸೋಂಕೂ ಇಲ್ಲ.

ಎಲ್ಲ ಕಡೆಗೂ ಸಲ್ಲದಿರುವುದು ಅಕ್ಷರದ ದೋಷವೆಂದು ನಾನು ಒಪ್ಪೆ. ನನ್ನ ತಕರಾರು ಏನಿದ್ದರೂ, ಮದುವೆ ಕಾಗದದಲ್ಲಿ ವಧೂವರರ ಹೆಸರಿಗೆ ಒಪ್ಪಿದ ಕೂದಲೆಳೆಯ ಅಕ್ಷರದಲ್ಲೇ, ಅಡಿಯಲ್ಲಿ ಇರುವೆ ಗಾತ್ರಕ್ಕಿಳಿಸಿ, ಛತ್ರದ ವಿಳಾಸವನ್ನೂ ಹೊಡೆಸುವವರ ಮೇಲೆ.