ಶಿಶುಗೀತೆಯ ಚಿತ್ರ ಮತ್ತು ಮಗುವಿನ ನಗೆ

ಮೋಹನೀಯ ಕರ್ಮದ ವಿವರಣೆಯಲ್ಲಿ ಬರುವ 9 ನೋಕಷಾಯಗಳಲ್ಲಿ ಮೊದಲನೆಯದು ಹಾಸ್ಯ. ಇದನ್ನರಿತ ಶ್ರಾವಕ ದಂಪತಿಗಳಿಗೆ ಒಂದು ಸಂದೇಹ ಮೂಡುವುದು ಸಹಜ. ಶಿಶುಗೀತೆಯ ಚಿತ್ರವನ್ನು ಕಂಡು ಕಿಲಕಿಲನೆ ನಗುವ ಕೂಸಿನ ಆನಂದವೂ ಬಂಧಕ್ಕೆ ಕಾರಣವೇ?

ಮಗುವಿನ ನಗೆಯನ್ನು ಅಡಗಿಸುವುದು ಧರ್ಮವಾಗಲಾರದು. ಆದರೆ ಹಿಂಸೆಯು ಕೃತ, ಕಾರಿತ, ಅನುಮತವೆಂದು ಮೂರು ಬಗೆಯದಾಗಿರುವುದರಿಂದ, ಆ ನಗೆ ಯಾರ ನೋವಿನ ಮೇಲೆ ನಿಂತಿದೆ ಎಂಬುದನ್ನು ಹಿರಿಯರು ನೋಡಲೇಬೇಕು. ಇಂಗ್ಲಿಷಿನ ಮೂರು ಕುರುಡು ಇಲಿಗಳ ಹಾಡನ್ನು ಇಂದು ನಮ್ಮ ಮಕ್ಕಳೂ ಬಲ್ಲರು. ಅದರಲ್ಲಿ ರೈತನ ಹೆಂಡತಿ ಇಲಿಗಳ ಬಾಲವನ್ನು ಕತ್ತರಿಸುತ್ತಾಳೆ. ಕಣ್ಣಿಲ್ಲದ ಜೀವಿಯ ಬಾಲ ಹೋದುದು ವಿನೋದದ ಸಂಗತಿಯೇ? ಈ ಅಳುಕು ಆ ನಾಡಿನವರಿಗೂ ಇದ್ದಿರಬೇಕು. 20ನೆಯ ಶತಮಾನದ ಮೊದಲ ದಶಕದಲ್ಲಿ ಜಾನ್ ಐವಿಮಿ ಎಂಬವರು ಆ ಹಾಡನ್ನು ಬೆಳೆಸಿ ಬರೆದರು. ವಾಲ್ಟನ್ ಕಾರ್ಬೌಲ್ಡರ ಚಿತ್ರಗಳೊಡನೆ ಪ್ರಕಟವಾದ ಆ ಪುಸ್ತಕದ ಕೊನೆಯಲ್ಲಿ ಇಲಿಗಳಿಗೆ ಬಾಲವೂ ದೃಷ್ಟಿಯೂ ಮರಳಿ ಬರುತ್ತವೆ, ವಾಸಕ್ಕೊಂದು ಮನೆಯೂ ಆಗುತ್ತದೆ.

ಕನ್ನಡದ ಮಗುವಿಗೆ ಇಷ್ಟು ಸುತ್ತುಬಳಸಿನ ಅಗತ್ಯವಿಲ್ಲ. ಜಿ. ಪಿ. ರಾಜರತ್ನಂ ಅವರ ಹುಟ್ಟೂರಾದ ರಾಮನಗರವು 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತ್ತು. ಅವರ 'ತುತ್ತೂರಿ'ಯ ಹುಡುಗ ಕಸ್ತೂರಿ ತಗಡಿನ ವಾದ್ಯವನ್ನು ಕೊಂಡು, ಅದು ತನಗೊಬ್ಬನಿಗೇ ಉಂಟೆಂದು ಬೀಗುತ್ತಾನೆ. ಕಡೆಗೆ ಕೊಳಕ್ಕೆ ಜಾರುವುದು ತುತ್ತೂರಿ, ಹುಡುಗನಲ್ಲ. ನೀರುಪಾಲಾಗುವುದು ಅದರ ಬಣ್ಣ. ಪರಿಗ್ರಹವೂ ಮಾನಕಷಾಯವೂ ಒಟ್ಟಿಗೆ ತೊಳೆದುಹೋಗುವ ಈ ಪ್ರಸಂಗದಲ್ಲಿ ಯಾವ ಜೀವಿಗೂ ಗಾಯವಿಲ್ಲ. ಆದರೂ ಕಸ್ತೂರಿಯ ಪೆಚ್ಚುಮೋರೆ ಉಳಿಯುತ್ತದೆ; ನಗುವವರು ಅವನನ್ನು ನೋಡಿಯೇ ನಗುತ್ತಾರೆ. ಚಿತ್ರ ಬರೆಯುವವನ ಹೊಣೆ ಇರುವುದು ಇಲ್ಲಿಯೇ. ಸುತ್ತ ನಿಂತು ಕೈತೋರಿಸುವ ಮಕ್ಕಳನ್ನು ಬರೆದರೆ ಅದು ಅಣಕವಾಯಿತು. ತುತ್ತೂರಿಯನ್ನು ಒರೆಸಿಕೊಡುವ ಒಬ್ಬ ಗೆಳೆಯನನ್ನು ಬರೆದರೆ ಅದೇ ಹಾಡು ಬೇರೊಂದು ಅರ್ಥವನ್ನು ಕೊಡುತ್ತದೆ. ಅಕ್ಷರ ಬಾರದ ಮಗು ಓದುವುದು ಚಿತ್ರವನ್ನೇ ಅಲ್ಲವೇ?

ಪಂಜೆ ಮಂಗೇಶರಾಯರ (1874–1937) ನಾಗರಹಾವಿನ ಹಾಡು ಇನ್ನೊಂದು ಮೆಟ್ಟಿಲು ಮೇಲಿನದು. ಅದರಲ್ಲಿ ಸೋಲುವವರೇ ಇಲ್ಲ. ಮಗು ಹಾವಿಗೆ ಕೈಮುಗಿಯುತ್ತದೆ, ಹಾಲೆರೆಯುವೆನೆಂದು ಕರೆಯುತ್ತದೆ, ಕೊಳಲನ್ನೂದುವೆನೆನ್ನುತ್ತದೆ. (ಹಾವಿಗೆ ಹಾಲು ಆಹಾರವಲ್ಲವೆಂಬುದನ್ನು ದೊಡ್ಡವರು ಮಗುವಿಗೆ ಬೇರೆಯಾಗಿ ತಿಳಿಸಿದರಾಯಿತು.) ಕಡೆಗೆ ಹೋಗೆನ್ನುವಾಗಲೂ ಅದರ ಕೈಯಲ್ಲಿ ದೊಣ್ಣೆಯಿಲ್ಲ, ನಮಸ್ಕಾರವಿದೆ. ಬಸದಿಯಲ್ಲಿ ಪಾರ್ಶ್ವನಾಥ ಸ್ವಾಮಿಯ ಶಿರದ ಮೇಲೆ ಬಿಚ್ಚಿದ ಹೆಡೆಗಳನ್ನು ಕಂಡು ಬಂದ ಮಗು, ಪುಸ್ತಕದ ಪುಟದಲ್ಲಿ ಅದೇ ಹೆಡೆಯನ್ನು ಕಂಡು ಬೆರಳಿಟ್ಟು ನಗುತ್ತದೆ.