ಶೌಚವೂ ಸವಾರನ ಜಾಕೆಟ್ಟೂ
ಪತಂಜಲಿಯು ಯೋಗಸೂತ್ರದ ನಿಯಮಗಳಲ್ಲಿ ಶೌಚವನ್ನು ಮೊದಲಿಗಿರಿಸಿದನು. ಮಣ್ಣು ನೀರುಗಳಿಂದಾಗುವುದು ಬಾಹ್ಯವೆಂದೂ, ಚಿತ್ತಮಲವನ್ನು ತೊಳೆಯುವುದು ಆಭ್ಯಂತರವೆಂದೂ ಆ ಸೂತ್ರಗಳ ವ್ಯಾಖ್ಯಾನವಾದ ವ್ಯಾಸಭಾಷ್ಯವು ವಿಭಾಗಿಸಿತು. ಮೋಟಾರುಸೈಕಲ್ಲಿನ ಸವಾರನು ತೊಡುವ ಬಟ್ಟೆಯ ಜಾಕೆಟ್ಟನ್ನು ಮನೆಯಲ್ಲಿ ಒಗೆಯುವಾಗ ಈ ವಿಭಾಗವು ಅಷ್ಟು ಸ್ಫುಟವಾಗಿ ನಿಲ್ಲುವುದೇ ಎಂಬ ಶಂಕೆ ನನ್ನಲ್ಲಿ ಮೂಡುತ್ತದೆ. ಭುಜ, ಮೊಣಕೈ, ಬೆನ್ನುಗಳ ಪ್ಯಾಡುಗಳನ್ನು ತೆಗೆದಿರಿಸಿ, ಜಿಪ್ಪುಗಳನ್ನು ಮುಚ್ಚಿ, ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಸೌಮ್ಯವಾದ ದ್ರವಸಾಬೂನಿನಿಂದ ತೊಳೆದು, ಹಿಂಡದೆ ನೆರಳಿನಲ್ಲಿ ಒಣಗಿಸಬೇಕು. ಬ್ಲೀಚು ನೂಲನ್ನು ಕ್ಷೀಣಗೊಳಿಸೀತು, ಬಟ್ಟೆಯನ್ನು ಮೃದುಗೊಳಿಸುವ ದ್ರಾವಣವಾದರೋ ಮಳೆಯನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುವ ಒಳಪೊರೆಯ ಶಕ್ತಿಯನ್ನೇ ಕುಂದಿಸೀತು. ಕಣ್ಣಿಗೆ ನಿರ್ಮಲವಾಗಿ ಕಂಡೂ ತನ್ನ ಧರ್ಮವನ್ನು ಕಳೆದುಕೊಂಡ ವಸ್ತ್ರವನ್ನು ಶುಚಿಯೆನ್ನಲು ನನ್ನ ಮನಸ್ಸೊಪ್ಪದು. ಒಣಗಿದ ಬಳಿಕ ಪ್ಯಾಡುಗಳನ್ನು ಅವುಗಳ ಸ್ಥಾನದಲ್ಲಿಯೇ ಮರಳಿ ಕೂರಿಸುವ ಅವಧಾನವು ಒಂದು ಪ್ರಾಣದ ರಕ್ಷಣೆಗೆ ಸಂಬಂಧಿಸಿದುದಾದ್ದರಿಂದ, ಅದನ್ನು ಕೇವಲ ಬಾಹ್ಯಶೌಚಕ್ಕೆ ಸೇರಿಸಲು ಹಿಂಜರಿಯುತ್ತೇನೆ.