ಕೊಡುವವರಿಗೇಕೆ ಲಜ್ಜೆ?

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವಿದ್ಯಾಭ್ಯಾಸ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ದಾನದ ವಿಧಾನವನ್ನು ಉಪದೇಶಿಸುತ್ತಾನೆ. ಶ್ರದ್ಧೆ ಇರಬೇಕೆಂಬುದು ಯಾರಿಗಾದರೂ ಒಪ್ಪಿಗೆಯಾಗುವ ಮಾತು. ಆದರೆ ಅದರ ಬೆನ್ನಿಗೇ, ಕೊಡುವಾಗ ಲಜ್ಜೆಯೂ ಭಯವೂ ಇರಬೇಕೆಂದು ವಿಧಿಸುತ್ತಾನೆ. ಕೈಯೊಡ್ಡುವವನು ನಾಚುವುದು ಲೋಕರೂಢಿ. ಕೊಡುವವನು ಏಕೆ ನಾಚಬೇಕು? ಯಾರಿಗೆ ಅಂಜಬೇಕು?

ನವರಾತ್ರಿಯ ಆಚರಣೆಯಲ್ಲಿಯೇ ಇದಕ್ಕೆ ಅರ್ಧ ಉತ್ತರವಿದೆ. ಕುಮಾರೀಪೂಜೆಯಲ್ಲಿ ಉಡುಗೊರೆ ಪಡೆದ ಪುಟ್ಟ ಬಾಲಿಕೆ ನಮಸ್ಕರಿಸುವುದಿಲ್ಲ. ಕೊಟ್ಟ ಹಿರಿಯಳೇ ಆಕೆಯ ಕಾಲಿಗೆರಗುತ್ತಾಳೆ. ಆದರೆ ಮಣೆಯ ಮೇಲೆ ಕುಳಿತ ಮಗುವಿನಲ್ಲಿ ಒಂದು ದಿನ ದೇವಿಯನ್ನು ಕಾಣುವುದು ಸುಲಭ. ಸ್ಲೇಟು ಹಿಡಿದು ಎದುರಿಗೆ ಕುಳಿತ ಪರದೇಶದ ಮಗುವಿನಲ್ಲಿ ದಿನದಿನವೂ ಕಾಣುವುದು ಸುಲಭವಲ್ಲ.

ಇಂದು ರಜೆಯ ಕೆಲವು ವಾರಗಳನ್ನು ಹೊರದೇಶದ ಯಾವುದೋ ಕಲಿಕಾ ಕೇಂದ್ರದಲ್ಲಿ ಮಕ್ಕಳಿಗೂ ಸ್ತ್ರೀಯರಿಗೂ ಪಾಠ ಹೇಳುತ್ತ ಕಳೆದು ಬರುವ ತರುಣ ತರುಣಿಯರಿದ್ದಾರೆ. ಅವರ ಸದ್ಭಾವನೆಯನ್ನು ಶಂಕಿಸಬೇಕಾಗಿಲ್ಲ. ಆದರೂ ಹಣ ಕೊಟ್ಟವನು ಪಡೆದವನ ಹೊಸ್ತಿಲ ಹೊರಗೇ ಉಳಿಯುತ್ತಾನೆ. ಕಲಿಸಹೊರಟವರು ಕಲಿಯುವವರ ಒಳಮನೆಗೇ ಕಾಲಿಡುತ್ತಾರೆ. ಮುಂಬಯಿಯಲ್ಲಿ ಹೋಟೆಲು ಹುಡುಗರಿಗಾಗಿ ಕನ್ನಡಿಗರು ರಾತ್ರಿಶಾಲೆಗಳನ್ನು ನಡೆಸಿದಾಗ ಕಲಿಸುವವರ ನುಡಿಯೂ ಕಲಿಯುವವರ ನುಡಿಯೂ ಒಂದೇ ಆಗಿತ್ತು. ನುಡಿ, ನಡೆ, ಊಟ, ದೇವರು ಎಲ್ಲವೂ ಬೇರೆಯಾದಲ್ಲಿ ಕಲಿಸುವ ಅಧಿಕಾರ ಬರುವುದೆಲ್ಲಿಂದ?

ಈ ಪ್ರಶ್ನೆಯನ್ನು ಬದುಕಿನಲ್ಲಿ ಎದುರಿಸಿದವರು ಸೋದರಿ ನಿವೇದಿತಾ. 1867ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಮಾರ್ಗರೆಟ್ ನೋಬಲ್, ಲಂಡನ್ನಿನ ವಿಂಬಲ್ಡನ್ನಿನಲ್ಲಿ ಹೊಸ ಪದ್ಧತಿಯ ಶಾಲೆ ನಡೆಸಿದ ಉಪಾಧ್ಯಾಯಿನಿ. ಪೆಸ್ತಲಾಜಿ, ಫ್ರೋಬೆಲರ ತತ್ತ್ವಗಳಲ್ಲಿ ನುರಿತವರು. 1898ರ ಜನವರಿಯಲ್ಲಿ ಕಲ್ಕತ್ತೆಗೆ ಬಂದಾಗ ಆಕೆಗೆ 30 ವರ್ಷ. ಬಂದೊಡನೆ ಶಾಲೆ ತೆರೆಯಲಿಲ್ಲ. ಬಂಗಾಳಿ ಕಲಿಯತೊಡಗಿದರು. ಮಾರ್ಚ್ 17ರಂದು ಶ್ರೀಮಾತೆ ಶಾರದಾದೇವಿಯವರ ದರ್ಶನವಾಯಿತು. ಶ್ರೀಮಾತೆಯವರು ಆ ಪಾಶ್ಚಾತ್ಯ ಸ್ತ್ರೀಯರೊಡನೆ ಕುಳಿತು ಆಹಾರ ಸ್ವೀಕರಿಸಿದರು. ಅಂದಿನ ಬ್ರಾಹ್ಮಣ ವಿಧವೆಯೊಬ್ಬರಿಗೆ ಇದು ಸಣ್ಣ ಸಂಗತಿಯಲ್ಲ. ಮೊದಲ ದಾನ ಮಾರ್ಗರೆಟ್ ಕೊಟ್ಟದ್ದಲ್ಲ, ಪಡೆದದ್ದು.

ಅದೇ ವರ್ಷ ನವೆಂಬರ್ 13ರಂದು, ಕಾಳೀಪೂಜೆಯ ದಿನ, ಬಾಗ್‌ಬಜಾರಿನ ಬೋಸ್‌ಪಾರಾ ಲೇನಿನಲ್ಲಿ ಶ್ರೀಮಾತೆಯವರು ಪೂಜೆ ಸಲ್ಲಿಸಿ ಶಾಲೆಯನ್ನು ಆರಂಭಿಸಿದರು. ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿದ ಗೃಹಸ್ಥರನ್ನು ವಿವೇಕಾನಂದರೇ ಹಿಂದಿನ ದಿನದ ಸಭೆಯಲ್ಲಿ ತಿವಿದು ಎಬ್ಬಿಸಬೇಕಾಯಿತಂತೆ. 1899ರಲ್ಲಿ ಪ್ಲೇಗು ಬಂದಾಗ ನಿವೇದಿತಾ ತಾವೇ ಪೊರಕೆ ಹಿಡಿದು ಬೀದಿ ಗುಡಿಸಿದರು. ಅದೇ ವರ್ಷ ಹಣವಿಲ್ಲದೆ ಶಾಲೆ ನಿಂತಿತು. ಹಣ ಕೂಡಿಸಲು ಪಶ್ಚಿಮಕ್ಕೆ ಹೋಗಿ, 1902ರಲ್ಲಿ ಮರಳಿ ಬಂದು ಮತ್ತೆ ತೆರೆದರು.

ನಿಜವಾದ ಇಕ್ಕಟ್ಟು ಇರುವುದು ಮುಂದೆ. ಆ ಮನೆತನಗಳಲ್ಲಿ ಹೆಣ್ಣುಮಕ್ಕಳಿಗೆ ಬಾಲ್ಯದಲ್ಲಿಯೇ ವಿವಾಹ. ವಿವಾಹವಾದೊಡನೆ ಶಾಲೆ ಮುಗಿಯಿತು. ಸ್ತ್ರೀಯರು ಬೀದಿಗೆ ಬರುವಂತಿಲ್ಲ. ಇದನ್ನು ಧಿಕ್ಕರಿಸಿ ಮಾತನಾಡಿದ್ದರೆ ಮರುದಿನ ಬಾಗಿಲುಗಳೆಲ್ಲ ಮುಚ್ಚುತ್ತಿದ್ದವು. ಸುಮ್ಮನಿದ್ದರೆ ಅನ್ಯಾಯಕ್ಕೆ ಸಮ್ಮತಿ. ನಿವೇದಿತಾ ಬರೆದ ಪುಸ್ತಕಗಳಲ್ಲಿ ಹಿಂದೂ ಗೃಹಿಣಿಯ ಬಾಳಿನ ಹೊಗಳಿಕೆ ಹೆಚ್ಚಾಗಿ, ಆಕೆಯ ಸಂಕಟ ಮರೆಯಾಯಿತೆಂಬ ಆಕ್ಷೇಪ ಉಂಟು. ಅದು ನಿರಾಧಾರವೆನ್ನಲಾಗದು. ಪ್ರೀತಿಯೂ ಕೆಲವೊಮ್ಮೆ ಕಣ್ಣಿಗೆ ಪರದೆ ಕಟ್ಟುತ್ತದೆ.

ಆದರೆ ಪುಸ್ತಕದ ನಿವೇದಿತಾರಿಗಿಂತ ಶಾಲೆಯ ನಿವೇದಿತಾ ಹೆಚ್ಚು ವಿವೇಕಿ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಸೋದರಿ ಕ್ರಿಸ್ಟೀನ್ ಜೊತೆಗೂಡಿದ ಮೇಲೆ, 1903ರಲ್ಲಿ ಗೃಹಿಣಿಯರಿಗೂ ವಿಧವೆಯರಿಗೂ ಪ್ರತ್ಯೇಕ ವಿಭಾಗ ತೆರೆಯಿತು. ಓದು, ಬರಹ, ಹೊಲಿಗೆ. ಮುಚ್ಚಿದ ಗಾಡಿಯಲ್ಲಿ ಸ್ತ್ರೀಯರು ಬಂದರು. ವಿವಾಹದ ನೆಪದಿಂದ ಬಿಟ್ಟು ಹೋದ ಓದು ಹಿಂಬಾಗಿಲಿನಿಂದ ಮರಳಿತು. ಪರದೆಯನ್ನು ಯಾರೂ ಹರಿಯಲಿಲ್ಲ. ಅದರೊಳಗೇ ಪುಸ್ತಕ ಹೋಯಿತು. ಇದನ್ನು ಹೇಡಿತನವೆಂದು ಕರೆಯುವವರು, ಬಾಗಿಲು ಮುಚ್ಚಿದ ಶಾಲೆಯಿಂದ ಯಾವ ಹೆಣ್ಣುಮಗುವಿಗೆ ಏನು ಲಾಭವೆಂಬುದನ್ನೂ ಹೇಳಬೇಕಾಗುತ್ತದೆ. ಆಚಾರ್ಯನು ಹೇಳಿದ ಭಯ ಬಹುಶಃ ಇದೇ: ತನ್ನ ತಪ್ಪು ಹೆಜ್ಜೆಯ ದಂಡವನ್ನು ತೆರುವವರು ತಾನಲ್ಲ, ಕಲಿಯಬಂದವರು ಎಂಬ ಎಚ್ಚರ. ಹೊರಗಿನಿಂದ ಬಂದವರು ಬೇಸರವಾದರೆ ಹಡಗು ಹತ್ತಬಹುದು. ಆ ಬಾಲಿಕೆ ಅದೇ ಗಲ್ಲಿಯಲ್ಲಿ ಬಾಳಬೇಕು.

ಲಜ್ಜೆಯ ಅರ್ಥ ತಿಳಿಯಲು ಇನ್ನೊಂದು ಸಂಗತಿ ಸಾಕು. ವಿದ್ಯಾರ್ಥಿನಿಯರಲ್ಲಿ ಬಾಲವಿಧವೆಯೊಬ್ಬಳಿದ್ದಳು. ಏಕಾದಶಿಯ ದಿನ ಆಕೆ ಹಸಿದಿರುವುದನ್ನು ನೋಡಲಾರದೆ ನಿವೇದಿತಾ ಕರೆದು ಫಲಾಹಾರ ಮಾಡಿಸುತ್ತಿದ್ದರು. ಒಂದು ಏಕಾದಶಿಯಂದು ಅದು ಮರೆತುಹೋಯಿತು. ವಿಜ್ಞಾನಿ ಜಗದೀಶಚಂದ್ರ ಬೋಸರ ಮನೆಗೆ ಹೋಗಿದ್ದಾಗ ನೆನಪಾಗಿ, ಅಲ್ಲಿಂದ ಧಾವಿಸಿ ಬಂದು, ಹುಡುಗಿಯನ್ನು ಕರೆಸಿ, ತಾನು ಮರೆತು ಅನ್ಯಾಯ ಮಾಡಿದೆನೆಂದು ಪರಿತಪಿಸುತ್ತ ಉಣಬಡಿಸಿದರು. ಹಿಂದಿನ ಏಕಾದಶಿಗಳ ಲೆಕ್ಕವೆಲ್ಲ ಜಮೆಯ ಕಡೆ ಇದ್ದರೂ ಆ ಸಂಜೆ ಆಕೆಗೆ ಕಂಡದ್ದು ಬಾಕಿ ಮಾತ್ರ. ಸಾಲಗಾರನಿಗೆ ಇರುವ ಲಜ್ಜೆ ಅದು, ದಾತೃವಿನದಲ್ಲ.

1911ರ ದುರ್ಗಾಪೂಜೆಯ ರಜೆಯಲ್ಲಿ ಡಾರ್ಜಿಲಿಂಗಿಗೆ ಹೋದ ನಿವೇದಿತಾ ಅಕ್ಟೋಬರ್ 13ರಂದು ಅಲ್ಲಿಯೇ ತೀರಿಕೊಂಡರು. 44 ತುಂಬಲು ಎರಡು ವಾರ ಉಳಿದಿತ್ತು. ತಮ್ಮಲ್ಲಿದ್ದುದನ್ನೂ ಪುಸ್ತಕಗಳಿಂದ ಬರುವುದನ್ನೂ ಸ್ತ್ರೀಶಿಕ್ಷಣಕ್ಕೆ ಬರೆದಿಟ್ಟಿದ್ದರು. ಬಾಗ್‌ಬಜಾರಿನ ಆ ಶಾಲೆ ಇಂದಿಗೂ ಆಕೆಯ ಹೆಸರಿನಲ್ಲಿ ನಡೆಯುತ್ತಿದೆ. ನಡೆಸುತ್ತಿರುವವರು ಶ್ರೀಮಾತೆಯವರ ಹೆಸರಿನ ಸನ್ಯಾಸಿನಿಯರ ಸಂಘದವರು.